ಬೆಳಿಗ್ಗೆ ನಿನ್ನನ್ನ ಯಾರು ಎಬ್ಬಿಸ್ತಾರೆ?

ಬೆಳಕು ಇನ್ನೂ ಮೆಟ್ಟಿಲಿಗೆ ಇಳಿದಿಲ್ಲ. ಮೂರನೆಯ ಮಹಡಿಯ ಬಾಗಿಲೊಂದರ ಮುಂದೆ ಅವರು ಚಪ್ಪಲಿ ಬಿಟ್ಟು, ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದಾರೆ. ಒಳಗೆ ನಲ್ಲಿ ಸುರಿಯುತ್ತಿದೆ, ಯಾರೋ ಕೆಮ್ಮುತ್ತಿದ್ದಾರೆ. ಮೆಲ್ಲಗೆ ಬಾಗಿಲು ತಟ್ಟುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ಒಳಗೆ ಪ್ರವೇಶವಿಲ್ಲ; ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದೇನೆ. ಬಾಗಿಲು ತೆರೆದ ಹೆಂಗಸಿನ ದನಿ ಮಾತ್ರ ಕೇಳುತ್ತದೆ: “ಇಷ್ಟು ಬೆಳಿಗ್ಗೆ ಯಾರ್ರೀ ಅದು?”

“ಹತ್ತು ಗಂಟೆಗೆ ಹೋದರೆ ಮನೆ ಗುಡಿಸಿ, ಮಗೂಗೆ ತಲೆ ಬಾಚಿ, ನಗ್ತಾ ಕೂತಿರ್ತಾರೆ. ಬೆಳಿಗ್ಗೆ ಯಾವ ಮನೆಗೂ ನಾಟಕ ಆಡೋಕೆ ಪುರುಸೊತ್ತಿರಲ್ಲ” ಎನ್ನುತ್ತಾರೆ ಆಮೇಲೆ, ಬಸ್ಸಿನ ಕಿಟಕಿಗೆ ಒರಗಿ.

ಮಕ್ಕಳ ರಕ್ಷಣಾ ಘಟಕದಲ್ಲಿ ತನಿಖಾಧಿಕಾರಿ ಅವರು. ಮಗುವೊಂದು ಮನೆಯಲ್ಲಿ ನರಳುತ್ತಿದೆ ಎಂದು ದೂರು ಬಂದರೆ ಹೋಗಿ ನೋಡಿ, ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡುವುದು ಕೆಲಸ. ಮಗು ಹೆತ್ತವರ ಬಳಿಯೇ ಉಳಿಯಬೇಕೋ, ಪಾಲನಾ ಕೇಂದ್ರಕ್ಕೆ ಹೋಗಬೇಕೋ ಎಂಬುದು ಆ ವರದಿಯನ್ನು ನೆಚ್ಚಿಕೊಂಡಿರುತ್ತದೆ. ದಿನಕ್ಕೆ ನಾಲ್ಕೈದು ಮನೆ. ಬೈಗುಳ ಲೆಕ್ಕಕ್ಕಿಲ್ಲ. ಕೆಲವು ಬೀದಿಗಳಲ್ಲಿ ಅವರು ಬ್ಯಾಗಿನಕ್ಕ. ಉಣ್ಣದೆ ಹಟ ಮಾಡುವ ಮಕ್ಕಳಿಗೆ “ಬ್ಯಾಗಿನಕ್ಕ ಹಿಡ್ಕೊಂಡು ಹೋಗ್ತಾಳೆ ನೋಡು” ಎಂದು ಹೆದರಿಸುತ್ತಾರಂತೆ. “ಹಾಗಾದ್ರೂ ನಾಲ್ಕು ಮಕ್ಕಳ ಹೊಟ್ಟೆ ತುಂಬಿಸಿದ್ದೀನಲ್ಲ” ಎಂದು ನಗುತ್ತಾರೆ.

“ಯಾರು ಹೊಡೀತಾರೆ?” ಎಂದು ಅವರು ಯಾವ ಮಗುವನ್ನೂ ಕೇಳುವುದಿಲ್ಲ. ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ. ಅವರು ಕೇಳುವುದು ಬೇರೆ: “ಬೆಳಿಗ್ಗೆ ನಿನ್ನನ್ನ ಯಾರು ಎಬ್ಬಿಸ್ತಾರೆ ಪುಟ್ಟಾ?” ಇದಕ್ಕೆ ಮಕ್ಕಳು ಥಟ್ಟನೆ ಉತ್ತರಿಸುತ್ತವೆ. ಅಜ್ಜಿ, ಕಚಗುಳಿ ಇಟ್ಟು. ಅಣ್ಣ, ಹೊದಿಕೆ ಎಳೆದು. “ಒಬ್ಬ ಹುಡುಗ ‘ಕಾಲು’ ಅಂದ. ಅಪ್ಪನ ಕಾಲು.”

ತಮ್ಮ ಮಗಳು ಏಳುವ ಮೊದಲೇ ಇವರು ಮನೆ ಬಿಟ್ಟಿರುತ್ತಾರೆ. “ಊರ ಮಕ್ಕಳನ್ನೆಲ್ಲ ವಿಚಾರಿಸ್ಕೊಂಡು ಬರ್ತಾಳೆ, ಇಲ್ಲಿ ಎಬ್ಬಿಸೋಕೆ ನಾನು” ಎಂದು ಅತ್ತೆ ಕುಟುಕುತ್ತಾರೆ. ಮಗಳದು ಇನ್ನೂ ಹರಿತ: “ಅಮ್ಮಾ, ನನ್ನ ಕೇಸು ಯಾವಾಗ ತಗೋತೀಯ?”

ಹಲವು ವರ್ಷಗಳ ಹಿಂದೆ, ಆರು ವರ್ಷದ ಒಬ್ಬಳು ಹುಡುಗಿ ಆ ಪ್ರಶ್ನೆಗೆ “ಬೀಗ” ಎಂದಿದ್ದಳಂತೆ. ತಾಯಿಗೆ ಬೇಕರಿಯಲ್ಲಿ ಕೆಲಸ. ಕತ್ತಲಿರುವಾಗಲೇ ಹೊರಗಿನಿಂದ ಬೀಗ ಹಾಕಿ ಹೋಗಿ, ಶಾಲೆಯ ಹೊತ್ತಿಗೆ ಬರುತ್ತಿದ್ದಳು. ಬೀಗದ ಸದ್ದಿಗೆ ಎಚ್ಚರವಾದ ಮಗು ಅಮ್ಮ ಬರುವ ತನಕ ಅಳುತ್ತಿತ್ತು. ಗೋಡೆಯಾಚೆ ಆ ಅಳು ಕೇಳಿ ತಡೆಯಲಾರದೆ ದೂರು ಕೊಟ್ಟವರು ಪಕ್ಕದ ಮನೆಯಾಕೆ. ದೂರಿತ್ತವರ ಹೆಸರನ್ನು ಹೇಳುವಂತಿಲ್ಲ. ಮುಂದೆ ಪಕ್ಕದ ಮನೆಯಾಕೆಯೇ ಅದನ್ನು ತಾಯಿಯ ಮುಂದೆ ಒಪ್ಪಿಕೊಂಡು, ಇಬ್ಬರೂ ಅತ್ತು ಹಗುರಾದದ್ದರಿಂದ ಈಗ ಇವರು ನನಗೆ ಹೇಳುತ್ತಿದ್ದಾರೆ.

“ನನ್ನ ಮಗೂನ ಕರ್ಕೊಂಡು ಹೋಗ್ಬೇಡಿ ಮೇಡಂ. ಯಾರಾದ್ರೂ ಒಳಗೆ ನುಗ್ಗಿಬಿಟ್ರೆ ಅಂತ ಬೀಗ ಹಾಕ್ತೀನಿ” ಎಂದು ತಾಯಿ ಗೋಗರೆದಳು.

“ನೀವು ನಂಬೋರು ಇಲ್ಲಿ ಯಾರೂ ಇಲ್ವಾ?”

“ಪಕ್ಕದ ಮನೆ ಅಕ್ಕ ಒಬ್ರೇ. ದೇವರಂಥೋರು. ಮಂಡಿ ನೋವು ಅವರಿಗೆ, ಹೇಗೆ ಕೇಳಲಿ?”

“ನನ್ನ ಮುಖದಲ್ಲಿ ಏನಾದ್ರೂ ಕಂಡುಬಿಡತ್ತೆ ಅಂತ ಕುಡಿಯೋಕೆ ನೀರು ಕೇಳಿದೆ. ಲೋಟ ಅಡ್ಡ ಹಿಡ್ಕೊಂಡು ಕುಡಿದೇ ಕುಡಿದೆ” ಎನ್ನುತ್ತಾರೆ ಬ್ಯಾಗಿನಕ್ಕ. ನೀರು ಮುಗಿದ ಮೇಲೆ ತಾಯಿಗೆ ಇಷ್ಟೇ ಹೇಳಿದರು: “ಮಂಡಿ ನೋವು ಇದ್ರೇನು, ಒಂದು ಸಲ ಕೇಳಿ ನೋಡಿ.”

ಪಕ್ಕದ ಮನೆಯಾಕೆ ಒಪ್ಪಿದರೂ, ಮಗು ತಾಯಿಯ ಬಳಿಯೇ ಇರಲಿ ಎಂಬ ವರದಿಯನ್ನು ಸಮಿತಿಯ ಅಧ್ಯಕ್ಷೆ ಸುಲಭಕ್ಕೆ ಒಪ್ಪಲಿಲ್ಲ. “ಮತ್ತೆ ಬೀಗ ಹಾಕಿದರೆ? ಒಳಗೆ ಬೆಂಕಿ ಹತ್ತಿಕೊಂಡರೆ?” ಆ ಪ್ರಶ್ನೆ ತಪ್ಪಲ್ಲ, ತನಗೂ ಅದೇ ದಿಗಿಲಿತ್ತು ಎನ್ನುತ್ತಾರೆ ಬ್ಯಾಗಿನಕ್ಕ. ಒಂದು ತಿಂಗಳ ಗಡುವು ಸಿಕ್ಕಿತು. ತಾಯಿ ಕೆಲಸಕ್ಕೆ ಹೊರಡುವಾಗ ಮಗುವನ್ನು ಹೊದಿಕೆ ಸಮೇತ ಎತ್ತಿ ಪಕ್ಕದ ಮನೆಯಲ್ಲಿ ಮಲಗಿಸಬೇಕು. ಇವರು ಹೇಳದೆ ಕೇಳದೆ ಹೋಗಿ ನೋಡಬೇಕು. ಒಂದು ದಿನ ತಪ್ಪಿದರೂ ಮಗು ಕೇಂದ್ರಕ್ಕೆ.

ಗಡುವಿನ ಕೊನೆಯ ಬೆಳಿಗ್ಗೆ ಪಕ್ಕದ ಮನೆಯ ಮುಂದೆ ಚಪ್ಪಲಿ ಬಿಟ್ಟು, ತಟ್ಟಲು ಕೈ ಎತ್ತಿದ್ದರು. ಒಳಗಿನಿಂದ ಮಾತು ಕೇಳಿಸಿತು. “ಏಳೇ ನನ್ನ ಸೋಂಬೇರಿ ರಾಣಿ. ನೀನಿನ್ನೂ ಬಿದ್ಕೊಂಡಿದ್ರೆ ನಿಮ್ಮಮ್ಮ ನನ್ನ ಬೈತಾಳೆ.”

“ಇನ್ನೊಂಚೂರು ದೊಡ್ಡಮ್ಮಾ.”

“ಆಗಿಂದ ಇನ್ನೊಂಚೂರು ಅಂತಾನೇ ಇದ್ದೀಯ.”

ಬಸ್ಸು ಅವರ ಕಚೇರಿಯ ಬೀದಿಗೆ ತಿರುಗುತ್ತಿದೆ. ಬ್ಯಾಗನ್ನು ಹೆಗಲಿಗೇರಿಸುತ್ತಾ ಹೇಳುತ್ತಾರೆ: “ಬೀಗದ ಸದ್ದಿಗೇ ಎಚ್ಚರ ಆಗ್ತಿದ್ದ ಮಗು, ಎಬ್ಬಿಸಿದ್ರೂ ಏಳ್ತಿರಲಿಲ್ಲ. ನಾನು ಬಾಗಿಲು ತಟ್ಟಲಿಲ್ಲ. ಸದ್ದಾಗಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲಿಳಿದೆ.”