ನಮ್ಮತ್ತೆಯ ಖಾರ

ನಮ್ಮ ಅತ್ತೆ ಉಣ್ಣಲು ಕುಳಿತರೆ ಮೊದಲು ಬೆವರುತ್ತಿದ್ದುದು ಅವರ ಮೂಗು. ಹರಳಿನ ಮೂಗುಬೊಟ್ಟಿನ ಸುತ್ತ ಸಾಸಿವೆಕಾಳಿನಷ್ಟು ಹನಿಗಳು ಏಳುತ್ತಿದ್ದವು. ಆಮೇಲೆ ಮೇಲ್ದುಟಿ, ಆಮೇಲೆ ಹಣೆ. ಕುಂಕುಮ ಕರಗಿ ಹುಬ್ಬಿನವರೆಗೆ ಇಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡು, ಬಾಯಿ ತೆರೆದು "ಹಾ" ಎಂದು ಗಾಳಿ ಎಳೆದು, ಮತ್ತೆ ರೊಟ್ಟಿ ಮುರಿಯುತ್ತಿದ್ದರು. ಅಷ್ಟು ಸುಖವಾಗಿ ಉಣ್ಣುವವರನ್ನು ನನ್ನ ಜನ್ಮದಲ್ಲಿ ನಾನು ಇನ್ನೊಬ್ಬರನ್ನು ಕಂಡಿಲ್ಲ.

ನಾನು ಗಂಗಾವತಿ ಕಡೆಯವಳು. ನಮ್ಮಲ್ಲಿ ಹಳೆಯ ಕಾಲುವೆಯ ನೀರಿತ್ತು, ಗದ್ದೆ ಇತ್ತು, ಅನ್ನಕ್ಕೆ ತಕ್ಕ ತೆಳು ಸಾರಿತ್ತು. ಮದುವೆಯಾಗಿ ಬಂದದ್ದು ಕುಷ್ಟಗಿ ಹತ್ತಿರದ ಒಂದು ಹಳ್ಳಿಗೆ. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ. ಅಲ್ಲಿ ಹೊತ್ತು ಹೊತ್ತಿಗೂ ಜೋಳದ ರೊಟ್ಟಿ, ಜೊತೆಗೆ ಪಲ್ಯ. ಹೆಸರಿಗೆ ಅದು ಬದನೆಕಾಯಿ, ಹೆಸರುಕಾಳು, ಪುಂಡಿಸೊಪ್ಪು. ಬಾಯಿಗಿಟ್ಟರೆ ಎಲ್ಲವೂ ಒಂದೇ, ಬೆಂಕಿ!

ಬೇರೆ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುತ್ತಿದ್ದರು. ನಮ್ಮಲ್ಲಿ ಹಾಗಿಲ್ಲ. ಮಾವ, ನಮ್ಮ ಯಜಮಾನರು, ನಾನು, ಮೂವರೂ ಒಂದೇ ಸಾಲಿನಲ್ಲಿ, ಬಾಗಿಲ ಬೆಳಕು ನಮ್ಮ ಮುಖಕ್ಕೆ ಬೀಳಬೇಕು, ಎದುರಿಗೆ ಅತ್ತೆ. ಹೊಸ ಸೊಸೆ ಮಾವನ ಸಾಲಿನಲ್ಲಿ ಕೂತು ಉಣ್ಣುವುದೆಂದರೇನು! ಓಣಿಯವರೆಲ್ಲ ಆಡಿಕೊಂಡು ನಗುತ್ತಿದ್ದರು. ಮೊದಲ ದಿನ ನಾನು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದೆ. "ಸೆರಗ ಸರಸವಾ, ಮಾರಿ ಕಾಣವಲ್ದು" ಎಂದರು ಅತ್ತೆ.

ಮುಖ ಕಾಣಿಸಿದೆ, ತುತ್ತು ಬಾಯಿಗಿಟ್ಟೆ. ಕಿವಿಯಲ್ಲಿ ಗುಂಯ್ ಎಂದಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮಾತು ಬಂದ್. ಮಜ್ಜಿಗೆಯ ಗಡಿಗೆಗೆ ಕೈ ಚಾಚಿದರೆ ಅತ್ತೆ ಅದನ್ನು ಆ ಕಡೆ ಸರಿಸಿದರು. "ತಡಿ, ತಡಿ" ಎನ್ನುತ್ತ ನನ್ನ ಮುಖವನ್ನೇ ನೋಡಿದರು. ನೋಡಿ ಹಿಗ್ಗಿಹೋದರು. "ನೋಡ್ರಿ, ಹೆಂಗ ಹತ್ತೇತಿ! ಹುಡುಗಿ ಗಟ್ಟಿ ಅದಾಳ" ಎಂದು ಮಾವನಿಗೆ ಹೇಳಿ, ಆಮೇಲೆ ತಾವೇ ಮಜ್ಜಿಗೆ ಸುರಿದು, ರೊಟ್ಟಿಯ ಮೇಲೆ ಇಷ್ಟು ದೊಡ್ಡ ಬೆಣ್ಣೆಯ ಮುದ್ದೆ ಇಟ್ಟರು. ಎಂಥಾ ಮನೆಗೆ ಕೊಟ್ಟುಬಿಟ್ಟನಪ್ಪ ನಮ್ಮಪ್ಪ ಎಂದು ನಾನು ಅಳುತ್ತಲೇ ಉಂಡೆ.

ಕಾರಣ ತಿಳಿದದ್ದು ತಿಂಗಳಾದ ಮೇಲೆ, ಒರಳಿನ ಮುಂದೆ. ನಾನೇ ಕೇಳಿದೆ, ಉಣ್ಣುವಾಗ ಹಾಗೆ ಯಾಕೆ ನೋಡುತ್ತೀರಿ ಎಂದು. ಅತ್ತೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಗಂಡಗಿಂತ ಮುಂಚೆ ನನಗೊಬ್ಬ ಮಗ ಇದ್ದ. ಪ್ಲೇಗಿನ ವರ್ಷ. ಅವತ್ತ ಇಂಥಾದ ಖಾರದ ಪಲ್ಯ. ನನ್ನ ಕೂಸು ಹಾ ಅನ್ನಲಿಲ್ಲ, ನೀರ ಬೇಡಲಿಲ್ಲ, ಸುಮ್ಮನ ಉಂಡ. ನನ್ನ ಮಗ ದೊಡ್ಡಾಂವ ಆದ ಅಂತ ಓಣಿ ತುಂಬ ಹೇಳಿಕೊಂಡ ಬಂದೆ. ಮುಂಜಾನಿ ಮೈ ಮುಟ್ಟಿದ್ರ ಕೆಂಡ. ಖಾರ ಹತ್ತಲಿಲ್ಲ ಅಂದ್ರ ಬ್ಯಾನಿ ಒಳಗ ಹೊಕ್ಕೇತಿ ಅಂತ ನನಗ ತಿಳೀಲಿಲ್ಲವಾ."

ಆ ಮಗ ತೀರಿಕೊಂಡಂದಿನಿಂದ ಆ ಮನೆಯಲ್ಲಿ ಖಾರ ಎನ್ನುವುದು ರುಚಿಯಷ್ಟೇ ಆಗಿ ಉಳಿಯಲಿಲ್ಲ. ಯಾರ ಮೂಗು ಒದ್ದೆಯಾಯಿತೋ ಅವರು ನಿರೋಗಿ. ಯಾರು ತಣ್ಣಗೆ ಉಂಡರೋ ಅವರ ಹಣೆ ಮುಟ್ಟಿ, ನಾಲಿಗೆ ನೋಡಿ, ಕೌದಿ ಹೊದಿಸಿ ಮಲಗಿಸುವುದೇ. ಒಮ್ಮೆ ನಮ್ಮ ಯಜಮಾನರು ಏನೋ ಯೋಚನೆಯಲ್ಲಿ ಸುಮ್ಮನೆ ಉಂಡದ್ದಕ್ಕೆ ಎರಡು ದಿನ ಹೊಲಕ್ಕೆ ಹೋಗಗೊಡಲಿಲ್ಲ.

ನಿಜ ಹೇಳುತ್ತೇನೆ, ವರ್ಷ ತುಂಬುವುದರೊಳಗೆ ನನಗೂ ಆ ಖಾರದ ಹುಚ್ಚು ಹಿಡಿಯಿತು. ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ನೆತ್ತಿ ಬೆವರಿ, ಕಿವಿ ಬಿಸಿಯಾಗಿ, ನಾಲ್ವರೂ ಹಾ, ಹೂ ಎನ್ನುತ್ತ ಒಬ್ಬರ ಅವಸ್ಥೆ ಕಂಡು ಇನ್ನೊಬ್ಬರು ನಗುತ್ತ ಉಣ್ಣುತ್ತಿದ್ದೆವು. ತವರಿಗೆ ಹೋದರೆ ಅವ್ವನ ಸಾರು ಬರೀ ಬಿಸಿನೀರು ಅನ್ನಿಸತೊಡಗಿತು.

ಐದಾರು ವರ್ಷ ಕಳೆದಿರಬೇಕು. ಒಂದು ಚಳಿಗಾಲದಲ್ಲಿ ಪಲ್ಯದ ಖಾರ ತಾನೇ ತಾನಾಗಿ ಏರತೊಡಗಿತು. ಮೊದಲ ದಿನ ಕೈ ಜಾರಿದೆ ಅಂದುಕೊಂಡೆವು. ಮರುದಿನ ಇನ್ನೂ ಹೆಚ್ಚು. ಮೂರನೆಯ ದಿನ ನಮ್ಮ ಯಜಮಾನರು ನನ್ನನ್ನು ಮೊಣಕೈಯಿಂದ ತಿವಿದು ಎದುರಿಗೆ ನೋಡು ಎಂದು ಕಣ್ಣಿನಲ್ಲೇ ಹೇಳಿದರು. ನೋಡಿದೆ. ಅತ್ತೆ ತಣ್ಣಗೆ ಉಣ್ಣುತ್ತಿದ್ದರು. ಮೂಗು ಒಣಗಿತ್ತು, ಹಣೆಯ ಕುಂಕುಮ ಇಟ್ಟ ಹಾಗೇ ಇತ್ತು.

ಮಾವ ತಮ್ಮ ಮೊಣಕಾಲು ನೋವಿನ ನೆಪ ತೆಗೆದು ಅತ್ತೆಯನ್ನೂ ಬಂಡಿಯಲ್ಲಿ ಕುಷ್ಟಗಿಯ ಹಕೀಮರಲ್ಲಿಗೆ ಕರೆದುಕೊಂಡು ಹೋದರು. ಹೇಗೂ ಬಂದಿದ್ದೀರಿ, ನೋಡಿಬಿಡೋಣ ಎಂದು ಹಕೀಮರು ಅತ್ತೆಯ ನಾಡಿಯನ್ನೂ ಹಿಡಿದರು, ಹೊಟ್ಟೆಯನ್ನೂ ಒತ್ತಿ ನೋಡಿದರು. ಮಾವ ಆ ಸಂಜೆ ನಮ್ಮಿಬ್ಬರನ್ನು ದನದ ಕೊಟ್ಟಿಗೆಗೆ ಕರೆದು ಹೇಳಿದರು: "ಹೊಟ್ಟ್ಯಾಗ ಗಡ್ಡಿ ಐತಂತ. ದವಾ ಇಲ್ಲಂತ. ಏನ ಬೇಕೋ ಉಣ್ಣಲಿ ಅಂದ್ರು. ಆಕಿಗೆ ಮಾತ್ರ ಗೊತ್ತಾಗಬಾರದು." ಅಷ್ಟು ಹೇಳಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು.

ಗೊತ್ತಾಗದ ಹಾಗೆ ಮಾಡುವುದು ಹೇಗೆ? ಪಲ್ಯ ಖಾರವಾಗಿದೆ ಎಂದು ನಾವು ಬಾಯಿಬಿಟ್ಟರೆ, ತನಗೊಬ್ಬಳಿಗೇ ಹತ್ತುತ್ತಿಲ್ಲ ಎಂದು ಅತ್ತೆಗೆ ಆ ಗಳಿಗೆಯಲ್ಲೇ ತಿಳಿಯುತ್ತದೆ. ಖಾರ ಹತ್ತದಿದ್ದರೆ ಏನರ್ಥ ಎನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರಿಯನ್ನು ಅತ್ತೆಯೇ ತೋರಿಸಿದರು. ಒಂದು ದಿನ ಉಣ್ಣುತ್ತ, "ಈ ಸಲದ ಮೆಣಸಿನಕಾಯಿ ಭಾಳ ಸಪ್ಪನ ಅದಾವ. ನಾಕಾದಾಗ ಬಿಸಲಿಗೆ ಬಿದ್ದು ಬಿದ್ದು ಖಾರನ ಹೋಗೇತಿ" ಎಂದರು. ಮೆಣಸಿನಕಾಯಿ ಬರುತ್ತಿದ್ದುದು ಗಡಿಯಾಚೆಯ ಬ್ರಿಟಿಷ್ ಸೀಮೆಯಿಂದ, ಸುಂಕದ ನಾಕಾ ದಾಟಿ. "ಹೌದ್ರಿ ಅತ್ತಿ, ಬರೇ ಬಣ್ಣ ಐತಿ" ಎಂದು ನಾನು ತಟ್ಟನೆ ಹೇಳಿದೆ. ಹೇಳಿದ ತಪ್ಪಿಗೆ ಮೂವರೂ ಆ ಬೆಂಕಿಯನ್ನು ಸಪ್ಪೆ ಪಲ್ಯ ಉಣ್ಣುವವರ ಹಾಗೆ ಉಣ್ಣಬೇಕಾಯಿತು.

ಆ ದಿನಗಳನ್ನು ನೆನೆದರೆ ಈಗಲೂ ಗಂಟಲು ಉರಿಯುತ್ತದೆ. ಹಾ ಅನ್ನುವಂತಿಲ್ಲ, ಮೂಗೆಳೆಯುವಂತಿಲ್ಲ. ಕಣ್ಣು ತುಂಬಿತೋ, ಉಪ್ಪು ತರುವ ನೆಪದಲ್ಲಿ ನಾನು ಒಳಗೆ ಎದ್ದು ಹೋಗುವುದು. ನಮ್ಮ ಯಜಮಾನರು ತುತ್ತನ್ನು ಅಗಿಯದೆ ನುಂಗುವುದು. ಮಾವನಂತೂ, ಊರೆಲ್ಲ ಕಂಬಳಿ ಹೊದ್ದು ನಡುಗುವ ಚಳಿಯಲ್ಲಿ, "ಏನ್ ಸೆಕಿ ಬಿಟ್ಟೈತಿ" ಎಂದು ಮುಖ ಒರೆಸಿಕೊಳ್ಳುವುದು. ಅತ್ತೆ ಮೂವರ ಮುಖವನ್ನೂ ದಿಟ್ಟಿಸುತ್ತಿದ್ದರು. ಮರುದಿನ ಒರಳಿಗೆ ಇನ್ನೊಂದು ಹಿಡಿ ಮೆಣಸಿನಕಾಯಿ ಬೀಳುತ್ತಿತ್ತು. ಅತ್ತೆ ದಿನ ದಿನಕ್ಕೆ ಒಣಗುತ್ತಿದ್ದರು, ಪಲ್ಯ ಕೆಂಪಾಗುತ್ತಿತ್ತು. ಇವತ್ತು ಯಾರ ಮುಖ ನಮ್ಮನ್ನು ಹಿಡಿದುಕೊಡುತ್ತದೋ ಎನ್ನುವ ಚಿಂತೆಯಲ್ಲಿ ಹಸಿವೇ ಸತ್ತುಹೋಗಿತ್ತು.

ಹಿಡಿದುಕೊಟ್ಟದ್ದು ನಮ್ಮಪ್ಪ. ಹೇಳದೆ ಕೇಳದೆ ಗಂಗಾವತಿಯಿಂದ ಬಂದವನು ಸರಿಯಾಗಿ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತ. ಕಾಲಿಗೆ ನೀರು ಕೊಡುವಾಗ ಕಿವಿಯಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ. ಕೂತ, ಒಂದು ತುತ್ತು ಇಟ್ಟ. ನಮ್ಮ ಯಜಮಾನರು ಕಣ್ಣು ಮಿಟುಕಿಸಿದ್ದೇ ಮಿಟುಕಿಸಿದ್ದು, ಅವನಿಗೆಲ್ಲಿ ತಿಳಿಯಬೇಕು!

"ಅಯ್ಯಯ್ಯಪ್ಪಾ! ಏನ್ರಿ ಬೀಗತಿಯವರ, ಸಾಯಸ್ತೀರೇನ್ರಿ ನನ್ನ!" ಎಂದು ಕೆಮ್ಮಿ, ತಟ್ಟೆ ಸರಿಸಿ, ಎದೆ ಹಿಡಿದುಕೊಂಡ. ಅವನ ಕೆಮ್ಮು ಕೇಳಿದ್ದೇ ತಡ, ಅಷ್ಟು ದಿನದಿಂದ ಹಿಡಿದಿಟ್ಟದ್ದೆಲ್ಲ ಒಡೆದುಹೋಯಿತು. ಮಾವ ಕೆಮ್ಮಿದರು, ನಮ್ಮ ಯಜಮಾನರು ಹಾ ಎಂದು ಬಾಯಿ ತೆರೆದರು, ನಾನು ಗಳಗಳ ಅತ್ತುಬಿಟ್ಟೆ. ಖಾರಕ್ಕೋ ಹೆದರಿಕೆಗೋ ನನಗೇ ತಿಳಿಯಲಿಲ್ಲ. ಅತ್ತೆ ಒಬ್ಬೊಬ್ಬರನ್ನೇ ನೋಡಿದರು. "ಕೈ ಜಾರೇತ್ರಿ ಬೀಗರ, ತಪ್ಪಾತು" ಎಂದು ಎದ್ದು ಎಲ್ಲರಿಗೂ ಮಜ್ಜಿಗೆ ತಂದು ಬಡಿಸಿದರು.

ಮರುದಿನ ಬೆಳಿಗ್ಗೆ ಒರಳಿನ ಹತ್ತಿರ ಕರೆದರು. "ಇನ್ನ ಮ್ಯಾಲೆ ಖಾರ ನೀ ಹಾಕವಾ."

"ಯಾಕ್ರಿ ಅತ್ತಿ?" ಎಂದೆ.

"ನಿಮ್ಮಾವ ಚಳಿಗಾಲದಾಗ ಸೆಕಿ ಅಂದಾಗನ ನನಗ ಗೊತ್ತಾತು. ಅವರಿಗೆ ಸುಳ್ಳ ಹೇಳಾಕ ಎಲ್ಲಿ ಬರತೈತಿ!"

"ಗೊತ್ತಿದ್ದೂ ಮತ್ತ ಮತ್ತ ಯಾಕ ಖಾರ ಹಾಕಿದ್ರಿ?"

"ಮತ್ತೇನ ಮಾಡ್ಲಿ? ನನಗ ಹೊಕ್ಕಿದ್ದು ಹೊಕ್ಕಿತು. ನಿಮಗ ಯಾರಿಗರ ಹೊಕ್ಕೇತೇನು ಅಂತ ನೋಡಬೇಕಲ್ಲ? ನೀವು ಗಂಡ ಹೆಂಡ್ತಿ ಇಬ್ರೂ ಮಾರಿ ಬಿಗಿ ಹಿಡಕೊಂಡು ಕುಂತ್ರಿ. ಸುಳ್ಳ ನಟಸ್ತಾರೋ, ಖರೇನ ಹತ್ತವಲ್ದೋ, ನನಗ ಹೆಂಗ ತಿಳೀಬೇಕು? ಇನ್ನೊಂದಿಷ್ಟ, ಇನ್ನೊಂದಿಷ್ಟ ಅಂತ ಹಾಕಿದೆ. ನಿದ್ದಿ ಇಲ್ಲವಾ ನನಗ. ನಿನ್ನೆ ನೀ ಅತ್ತಾಗ ಜೀವ ತಣ್ಣಗಾತು."

ಹೆದರಿಕೆ ತಟ್ಟದಂತೆ ನಾವು ಅವರನ್ನು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಇಡೀ ಮನೆಯೇ ಹೋಗುತ್ತದೆಂಬ ಹೆದರಿಕೆಯನ್ನು ನಾವೇ ಅವರ ಎದೆಗೆ ಹಾಕಿದ್ದೆವು. ಅವರ ಮಡಿಲಿಗೆ ತಲೆಯಿಟ್ಟು ನಾನು ಅತ್ತುಬಿಟ್ಟೆ. ಅವರು ಖಾರದ ಕೈ ತಾಗದಂತೆ ಮೊಣಕೈಯಿಂದ ನನ್ನ ಬೆನ್ನು ನೇವರಿಸಿದರು.

ಆಮೇಲೆ ಅವರು ಬಹಳ ದಿನ ಬದುಕಲಿಲ್ಲ. ಹಾಸಿಗೆ ಹಿಡಿದ ಮೇಲೂ ನಾವು ಅವರ ಮುಂದೆಯೇ ಕೂತು ಉಣ್ಣುತ್ತಿದ್ದೆವು, ಹಾ ಹೂ ಎನ್ನುತ್ತ, ಮೂಗು ಒರೆಸಿಕೊಳ್ಳುತ್ತ, ಏನನ್ನೂ ಮುಚ್ಚಿಡದೆ. ಅತ್ತೆ ಮಲಗಿದಲ್ಲಿಂದಲೇ ನೋಡುತ್ತ, "ಛಲೋ ಅದೀರಿ" ಎನ್ನುತ್ತಿದ್ದರು.

ಅವರನ್ನು ಮಣ್ಣು ಮಾಡಿ, ಆಗಬೇಕಾದ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರು ಹೋದ ಮೇಲೆ ಮೊದಲ ಸಲ ನಾವು ಮೂವರೇ ಉಣ್ಣಲು ಕುಳಿತೆವು. ಬಡಿಸಿದವಳು ಯೋಚಿಸದೆಯೇ ಮಾವನ ಸಾಲು ಬಿಟ್ಟು ಎದುರಿಗೆ ಕುಳಿತಿದ್ದೆ. ಮಾವ ಮೊದಲ ತುತ್ತು ಬಾಯಿಗಿಟ್ಟು ತಲೆ ತಗ್ಗಿಸಿಕೊಂಡರು. ನಾನು ಬಗ್ಗಿ ಅವರ ಮುಖ ಹುಡುಕಿದೆ. ಅದು ಅವರಿಗೆ ತಿಳಿದಿರಬೇಕು. ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದ ಮುಖವನ್ನು ಬೆಳಕಿಗೆ ಎತ್ತಿ, "ನೋಡವಾ, ಹತ್ತೇತಿ. ನನಗ ಹತ್ತೇತಿ" ಎಂದರು.