ಮೊದಲು ಹಿಂದಿನ ಮಗ್ಗುಲು

ಆಗೆಲ್ಲ ಹೊಸ ಹಾಡು ತಾನಾಗಿ ಮನೆಗೆ ಬರುತ್ತಿರಲಿಲ್ಲ, ನಾವೇ ಹೋಗಿ ಕೇಳಿಕೊಂಡು ಬರಬೇಕಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತು ವರ್ಷ, ವಿಮಲಕ್ಕನಿಗೆ ಹತ್ತೊಂಬತ್ತು. ಹಲಸೂರಿನ ನಮ್ಮ ಮನೆಯಲ್ಲೊಂದು ರೇಡಿಯೋ ಇತ್ತು. ಅದರ ಕಿವಿ ಹಿಂಡುವ ಹಕ್ಕು ಅಪ್ಪನದು. ಫ್ಯಾಕ್ಟರಿಯಿಂದ ಬಂದು ಅಪ್ಪ ವಾರ್ತೆ ಕೇಳಿದರೆ ಅದರ ದಿನ ಮುಗಿಯಿತು. ಹಾಗಾಗಿ ಶನಿವಾರ ಮಧ್ಯಾಹ್ನ ಅಕ್ಕ ನನ್ನ ಕೈಹಿಡಿದು ಶಿವಾಜಿನಗರದ ಸತ್ತಾರ್ ಸಾಹೇಬರ ರೆಕಾರ್ಡ್ ಅಂಗಡಿಗೆ ಕರೆದೊಯ್ಯುತ್ತಿದ್ದಳು.

ಪಕ್ಕದಲ್ಲಿ ಸಮೋಸ ಕರಿಯುವ ಬಾಣಲೆ, ಒಳಗೆ ಸಾಹೇಬರ ಅತ್ತರು, ಎರಡರ ನಡುವೆ ಹೊಸ ರಟ್ಟಿನ ವಾಸನೆ. ಆ ವಾರ ಬಂದ ಚಿಕ್ಕ ರೆಕಾರ್ಡುಗಳು ಮೇಜಿನ ಮೇಲೆ ಕಾದಿರುತ್ತಿದ್ದವು. ಪೂರಿಗಿಂತ ದೊಡ್ಡವು, ದೋಸೆಗಿಂತ ಚಿಕ್ಕವು, ಮಗ್ಗುಲಿಗೊಂದೇ ಹಾಡು. ಹಿಂದಿ, ತಮಿಳು, ಕನ್ನಡ, ಕವ್ವಾಲಿ, ಫ್ರೇಜರ್ ಟೌನಿನ ಹುಡುಗರು ಹುಡುಕಿಕೊಂಡು ಬರುವ ಇಂಗ್ಲಿಷ್ ಹಾಡು, ಎಲ್ಲವೂ ಒಂದೇ ರಾಶಿ. ನಾವು ಒಂದನ್ನೂ ಕೊಂಡವರಲ್ಲ. ಆದರೂ ಸಾಹೇಬರು ಅಕ್ಕನಿಗೆ ಸ್ಟೂಲು ಹಾಕುತ್ತಿದ್ದರು. ಏಕೆಂದರೆ ಅವಳು ಓಡುತ್ತೆ ಎಂದ ಹಾಡು ಓಡುತ್ತಿತ್ತು. ಅವಳು ತಲೆಯಾಡಿಸಿದ ಮೇಲೆಯೇ ಅವರು ಇನ್ನಷ್ಟು ತರಿಸುತ್ತಿದ್ದದ್ದು.

"ಮೊದ್ಲು ಹಿಂದಿನ ಮಗ್ಗುಲು ಹಾಕಿ ಸಾಹೇಬ್ರೇ," ಎಂದೇ ಅವಳು ಶುರುಮಾಡುತ್ತಿದ್ದಳು. "ಅದನ್ನ ಯಾರೂ ಕೇಳಲ್ಲ ಅಂದ್ಕೊಂಡು ಹಾಡಿರ್ತಾರೆ. ನಿಜವಾದ ದನಿ ಅಲ್ಲೇ ಸಿಗೋದು."

ತೀರ್ಪುಗಳು ಖಾರವಾಗಿರುತ್ತಿದ್ದವು. ಇಂಗ್ಲಿಷ್ ಹಾಡಿಗೆ, "ಡ್ರಮ್ ಬಾರಿಸೋನಿಗೆ ಬಸ್ ಹಿಡಿಯೋ ಅವಸರ." ತಮಿಳು ಯುಗಳಗೀತೆಗೆ, "ಇಬ್ರೂ ಜಗಳ ಆಡ್ಕೊಂಡು ಬಂದಿದಾರೆ, ಮುಖ ಆ ಕಡೆ ಒಬ್ರು ಈ ಕಡೆ ಒಬ್ರು." ಕನ್ನಡದ ಭಕ್ತಿಗೀತೆಯೊಂದಕ್ಕೆ, "ದೇವ್ರನ್ನ ಬೇಡ್ತಿಲ್ಲ ಇವ್ರು, ಹೋಟ್ಲಲ್ಲಿ ಆರ್ಡರ್ ಕೊಡ್ತಿದಾರೆ." ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಇವಳು ನನ್ನ ಅಕ್ಕ ಎಂದು ಎದೆಯುಬ್ಬುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೂ ಅಕ್ಕನ ಕೆಮ್ಮು ನಿಲ್ಲಲಿಲ್ಲ. ಕ್ಷಯ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ, "ಎದೆ ಸರಿಯಿಲ್ಲ" ಅಷ್ಟೆ. ದಿನಕ್ಕೊಂದು ಸೂಜಿ, ಮೂರು ತಿಂಗಳು. ಅವಳ ತಟ್ಟೆ ಲೋಟ ಬೇರೆಯಾದವು. ಅವರೆಕಾಯಿ ಕಾಲ ಬಂದು ಮನೆಯೆಲ್ಲ ಸೊಗಡು ತುಂಬಿದ್ದಾಗ ಅಕ್ಕ ಅಂದಳು, "ಅಮ್ಮಾ, ಕಿವೀಲಿ ಕುಕ್ಕರ್ ಕೂಗ್ತಾನೇ ಇದೆ."

ಡಾಕ್ಟರು ಮುಚ್ಚಿಡಲಿಲ್ಲ. "ಈ ಔಷಧಿಗೆ ಕಿವಿ ಹೋಗೋದುಂಟು. ನಿಲ್ಸಿದ್ರೆ ಎದೆ ಉಳಿಯಲ್ಲ. ಏನ್ಮಾಡ್ಲಿ ಹೇಳಿ?"

"ಜೀವ ಉಳಿಸ್ಕೊಡಿ ಡಾಕ್ಟ್ರೇ," ಎಂದಳು ಅಮ್ಮ. ತಾಯಿಯಾದವಳು ಇನ್ನೇನು ಹೇಳಿಯಾಳು. ಅಕ್ಕನನ್ನು ಮಾತ್ರ ಯಾರೂ ಕೇಳಲಿಲ್ಲ.

ಶಿವರಾತ್ರಿ ಹೊತ್ತಿಗೆ ಡಾಕ್ಟರು ಹೊರಗೆ ಹೋಗಬಹುದು ಎಂದಾಗ ಅವಳು ಹೊರಟದ್ದು ಶಿವಾಜಿನಗರಕ್ಕೇ. ನಡೆದರೆ ತಲೆ ಸುತ್ತುತ್ತಿತ್ತು, ಬಸ್ಸಿನಲ್ಲಿ ನನ್ನ ಭುಜ ಹಿಡಿದೇ ನಿಂತಳು. ಸಾಹೇಬರು ಹೊಸ ಹಿಂದಿ ರೆಕಾರ್ಡೊಂದರ ಹಿಂದಿನ ಮಗ್ಗುಲು ಹಾಕಿದರು. ಸ್ವಲ್ಪ ಹೊತ್ತು ಕೇಳಿ ಅಕ್ಕ ಹುಬ್ಬು ಗಂಟಿಕ್ಕಿದಳು.

"ಸಾಹೇಬ್ರೇ, ರಟ್ಟಿನ ಮೇಲೆ ಕೊಳಲು ಅಂತಿದೆ. ಎಲ್ಲಿ ಕೊಳಲು? ನಿಮ್ಮ ಪ್ಲೇಯರ್ ಮುಳ್ಳು ಸವೆದಿದೆ."

"ಅಚ್ಛಾ ಅಮ್ಮಾ, ಹೊಸಾದೇ ಹಾಕ್ತೀನಿ," ಎಂದು ಅವರು ಡಬ್ಬಿ ತೆರೆದು ಮುಳ್ಳು ಬದಲಿಸಿ ಮತ್ತೆ ಹಾಕಿದರು. "ಈಗ ಬಂತಾ ಅಮ್ಮಾ ಕೊಳಲು?"

ಅಕ್ಕ ನನ್ನ ಮುಖ ನೋಡಿದಳು. ನಾನು ಪೆದ್ದಿ, ಬಾಯಿ ತಪ್ಪಿ ಅಂದುಬಿಟ್ಟೆ, "ಮೊದ್ಲೂ ಇತ್ತಲ್ಲಕ್ಕಾ!"

ಸಾಹೇಬರು ಹಳೆಯ ಮುಳ್ಳನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಅಕ್ಕ ನನ್ನನ್ನು ಬೈಯಲೂ ಇಲ್ಲ. ವಾಪಸು ಬರುವಾಗ ಬೇಕರಿಯಲ್ಲಿ ದಿಲ್‌ಪಸಂದ್ ಕೊಡಿಸಿ, ತನ್ನ ಪಾಲನ್ನೂ ನನಗೇ ಕೊಟ್ಟಳು. ನಾನು ಖುಷಿಯಾಗಿ ತಿಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಮೇಲೆ ನಾಲ್ಕೈದು ಶನಿವಾರ ಹೋದೆವು. ಅಕ್ಕ ಅಂಗೈಯನ್ನು ಪ್ಲೇಯರ್ ಪೆಟ್ಟಿಗೆಯ ಮರದ ಮೇಲಿಟ್ಟು ತಿರುಗುವ ರೆಕಾರ್ಡನ್ನೇ ನೋಡುತ್ತಿದ್ದಳು. ತೀರ್ಪು ಒಂದೇ ಮಾತಿಗೆ ಇಳಿದಿತ್ತು. ಕೊನೆಯ ಶನಿವಾರ ಸಾಹೇಬರು ರೆಕಾರ್ಡನ್ನು ತಿರುಗಲು ಬಿಟ್ಟು, ಮುಳ್ಳಿಗೆ ಅಂಟಿದ ದೂಳನ್ನು ಬೆರಳಿನಿಂದ ಒರೆಸುತ್ತಿದ್ದರು. ಮುಳ್ಳನ್ನು ಇನ್ನೂ ರೆಕಾರ್ಡಿನ ಮೇಲೆ ಇಳಿಸಿರಲಿಲ್ಲ. ಅಂಗಡಿಯಲ್ಲಿ ಪಕ್ಕದ ಬಾಣಲೆಯ ಚುರುಚುರು ಬಿಟ್ಟರೆ ಸದ್ದಿಲ್ಲ.

ಅಕ್ಕ ತಲೆಯಾಡಿಸಿದಳು. "ಓಡುತ್ತೆ ಸಾಹೇಬ್ರೇ. ದನಿ ಚೆನ್ನಾಗಿದೆ."

ಸಾಹೇಬರ ಕೈ ಅಲ್ಲೇ ನಿಂತಿತು. "ಹೌದಮ್ಮಾ," ಎಂದು ಬಾಯಗಲಿಸಿ, ಅವಳಿಗೆ ಕಾಣುವ ಹಾಗೆ ಹೇಳಿದರು, "ಓಡ್ತದೆ." ಮುಳ್ಳನ್ನು ಇಳಿಸದೆಯೇ ರೆಕಾರ್ಡನ್ನು ತೆಗೆದು ರಟ್ಟಿನೊಳಗೆ ಸೇರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಅಕ್ಕ ಅದನ್ನು ನೋಡಿದಳು, ಆಮೇಲೆ ಮುಳ್ಳಿನ ಕಡೆ ನೋಡಿದಳು. ಮತ್ತೆ ನಾವು ಆ ಅಂಗಡಿಗೆ ಹೋಗಲಿಲ್ಲ.

ಅಪ್ಪ ರೇಡಿಯೋವನ್ನು ನಮ್ಮ ಕೈಗೇ ಬಿಟ್ಟರು, ಬಿಟ್ಟು ಏನು ಬಂತು. ಹೊಸ ಹಾಡು ಬಂದಾಗೆಲ್ಲ ಅಕ್ಕ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೇಳುತ್ತಿದ್ದಳು, "ಹೆಂಗಿದೆಯೇ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಸಾರಿಗೂ ಅದೇ, ಹಾಡಿಗೂ ಅದೇನಾ?"

ಹೊರಗೆ ಗೆಳತಿಯರು ಕುಂಟೆಬಿಲ್ಲೆಗೆ ಚೌಕ ಎಳೆದು ಕರೆಯುತ್ತಿದ್ದರು. ನಾನು ಇನ್ನೊಂದು ಸಲ ಚೆನ್ನಾಗಿದೆ ಎಂದು ಓಡಿಬಿಡುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅಕ್ಕ ಗಲ್ಲ ಹಿಡಿಯುವುದನ್ನು ಬಿಟ್ಟಳು. ಕಿವಿಗೆ ಕೇಳದೆ ಹೋದದ್ದು ಔಷಧಿಯಿಂದ, ನನ್ನನ್ನು ಕೇಳದೆ ಹೋದದ್ದು ನನ್ನಿಂದ.

ಐವತ್ತು ವರ್ಷ ದಾಟಿತು. ಡಾಕ್ಟರು ಮಾತು ಉಳಿಸಿಕೊಂಡರು, ಅಕ್ಕನ ಎದೆ ಇವತ್ತಿಗೂ ಗಟ್ಟಿ. ಈಗ ನನ್ನ ಫೋನಿನಲ್ಲಿ ದಿನ ಬೆಳಗಾದರೆ ಹೊಸ ಹಾಡುಗಳ ರಾಶಿ. ಒಂದಕ್ಕೂ ಹಿಂದಿನ ಮಗ್ಗುಲಿಲ್ಲ, ಓಡುತ್ತದೆಯೇ ಎಂದು ನಮ್ಮಂಥವರನ್ನು ಕೇಳುವವರೂ ಇಲ್ಲ. ಆದರೆ ಹಾಡು ಹೇಗಿದೆ ಎಂದು ಹೇಳುವುದು ಮಾತ್ರ ತಡವಾಗಿ ನನಗೆ ಬಂದಿದೆ. ಮೊನ್ನೆ ಒಂದು ಹಾಡು ಕೇಳಿ ಚೀಟಿಯಲ್ಲಿ ಬರೆದೆ: "ಅಕ್ಕಾ, ಈ ಹುಡುಗಿ ಬಸ್‌ಸ್ಟಾಪಲ್ಲಿ ಯಾರಿಗೋ ಕಾಯ್ತಾ ಹಾಡಿದ ಹಾಗಿದೆ. ಬರಲ್ಲ ಅಂತ ಅವಳಿಗೂ ಗೊತ್ತು. ಹಿಂದೆ ಒಂದು ಕೊಳಲಿದೆ."

ಅಕ್ಕ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ಚೆನ್ನಾಗಿದೆ," ಎಂದು ಚೀಟಿಯನ್ನು ವಾಪಸು ಕೊಟ್ಟು, ಮತ್ತೆ ಕಾಯಿ ಬಿಡಿಸತೊಡಗಿದಳು.