ಹೊದಿಕೆ ಅಕ್ಕ ತನ್ನ ಬಟ್ಟೆಗೇ ಕತ್ತರಿ ಹಾಕಿದ್ದು

ದೋಣಿಕಟ್ಟೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹೊದಿಕೆ ಅಕ್ಕ ಎಂದೇ. ನಿಲ್ಲಿಸಿಟ್ಟ ದೋಣಿಗಳಿಗೆ ದಪ್ಪ ಬಟ್ಟೆಯ ಹೊದಿಕೆ ಹೊಲಿಯುವುದು ಅವಳ ಕಸುಬು. ಇಪ್ಪತ್ತೆರಡು ವರ್ಷದಿಂದ ಅದೇ ಮಿಷಿನ್ನು, ಅದೇ ದೊಡ್ಡ ಕತ್ತರಿ, ಅದೇ ಜಂಬ. "ನನ್ನ ಹೊದಿಕೆಯೊಳಗೆ ಒಂದು ಹನಿ ನೀರು, ಒಂದು ಎಳೆ ಬಿಸಿಲು ಹೋದ್ರೆ ಹೇಳಿ, ಕಸುಬೇ ಬಿಟ್ಬಿಡ್ತೀನಿ" ಎನ್ನುವಳು. ಹೊಲಿದು ಮುಗಿದ ಬಟ್ಟೆಯನ್ನು ಕಿಟಕಿಗೆ ಅಡ್ಡ ಹಿಡಿದು ನೋಡುವಳು. ಸೂಜಿಮೊನೆಯಷ್ಟು ಬೆಳಕು ಕಂಡರೂ ಹೊಲಿಗೆ ಬಿಚ್ಚಿ ಮತ್ತೆ ಹಾಕುವಳು. ಅವಳ ಎದುರು ಗೊಣಗಲು ಗಿರಾಕಿಗಳೂ ಹೆದರುತ್ತಿದ್ದರು.

ಅವಳ ಮಾವ, ಅಂದರೆ ಗಂಡನ ತಂದೆ, ಮೂವತ್ತೆಂಟು ವರ್ಷ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸಿದವರು. ಕೆಲಸ ಬಿಟ್ಟ ಮೇಲೆ ಸ್ವಂತಕ್ಕೊಂದು ಪುಟ್ಟ ದೋಣಿ ಇಟ್ಟುಕೊಂಡಿದ್ದರು. ಅದರ ಕ್ಯಾಬಿನ್ನಿನಲ್ಲಿ ಒಂದು ಮಂಚ, ಒಂದು ಸ್ಟೌ, ಒಂದು ರೇಡಿಯೊ. ಮಧ್ಯಾಹ್ನದ ನಿದ್ದೆ ಅಲ್ಲೇ ಆಗಬೇಕು. ಮನೆಯ ಹಾಸಿಗೆ ಅಲ್ಲಾಡುವುದೇ ಇಲ್ಲ, ಅದರ ಮೇಲೆ ಮನುಷ್ಯರಿಗೆ ನಿದ್ದೆ ಹೇಗೆ ತಾನೇ ಬರುತ್ತದೆ ಎಂಬುದು ಅವರ ತಕರಾರು.

ಆ ಕ್ಯಾಬಿನ್ನಿಗೆ ಬೂಷ್ಟು ಹಿಡಿಯಿತು. ಗೋಡೆಯ ಮೇಲೆ ಕಪ್ಪು ಚುಕ್ಕಿ, ಹಾಸಿಗೆಗೆ ಮುಗ್ಗಲು ವಾಸನೆ, ಮಾವನಿಗೆ ಬಿಡದ ಕೆಮ್ಮು. ಮಾತಿಗೆ ಬಾಯಿ ತೆರೆದರೆ ನಾಲ್ಕನೇ ಪದಕ್ಕೆ ಕೆಮ್ಮು ಅಡ್ಡ ಬರುತ್ತಿತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಬೂಷ್ಟು ಹೋಗೋ ತನಕ ದೋಣಿಯೊಳಗೆ ಕಾಲಿಡಬೇಡಿ. ಹೋಗ್ಲಿಲ್ಲ ಅಂದ್ರೆ ದೋಣೀನೇ ಮರೆತುಬಿಡಿ." ಮಾವ ಮನೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡತೊಡಗಿದರು. ಸೊಸೆ ಕಂಡಕಂಡವರನ್ನೆಲ್ಲ ಬೂಷ್ಟಿಗೆ ಮದ್ದು ಕೇಳತೊಡಗಿದಳು.

ದೋಣಿಕಟ್ಟೆಯ ಎಲೆಕ್ಟ್ರಿಷಿಯನ್ ಉಪಾಯ ಹೇಳಿದ. ಕ್ಯಾಬಿನ್ನಿನ ಮೇಲೆ ಪುಸ್ತಕದಗಲದ ಸೋಲಾರ್ ಫಲಕ, ಪಕ್ಕದಲ್ಲಿ ತಟ್ಟೆಯಗಲದ ಫ್ಯಾನು. ಬ್ಯಾಟರಿಯ ರಗಳೆಯಿಲ್ಲ. ಬಿಸಿಲಿದ್ದಷ್ಟು ಹೊತ್ತು ಫ್ಯಾನು ತಿರುಗಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ, ಮುಂದಿನ ಕಿಂಡಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ.

ಅಕ್ಕ ಎರಡು ದಿನ ಸೊಂಟ ಕಟ್ಟಿ ಕ್ಯಾಬಿನ್ ಉಜ್ಜಿದಳು. ಅವನು ಫ್ಯಾನು ಕೂರಿಸಿದ. ಅದು ಗರಗರ ತಿರುಗಿದ್ದೇ ತಡ, ಮಾವ ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದರು.

"ಮೂರು ವಾರ ಮುಟ್ಟಬೇಡಿ ಅಕ್ಕ. ಅದರ ಪಾಡಿಗೆ ಅದು ಕೆಲಸ ಮಾಡ್ಲಿ" ಎಂದು ಹೇಳಿ ಅವನು ಹೋದ.

ಹೊರಡುವ ಮೊದಲು ಅಕ್ಕ ದೋಣಿಗೆ ಹೊಸ ಹೊದಿಕೆ ಹಾಕಿ ಬಿಗಿಯಾಗಿ ಕಟ್ಟಿದಳು. ಮಾವನ ದೋಣಿಗೆಂದೇ ಹೊಲಿದದ್ದು, ಅವಳ ಕೈಯ ಅತ್ಯುತ್ತಮ ಕೆಲಸ. ದೋಣಿ ಬಿಟ್ಟು ಬರುವಾಗ ಹೊದಿಸುವುದು ಅವಳಿಗೆ ಮನೆಗೆ ಬೀಗ ಹಾಕಿದಷ್ಟೇ ಸಹಜ.

ಆ ಮೂರು ವಾರವೂ ಸುಡುಬಿಸಿಲು. ಬೇರೆಯವರು ಬೆವರು ಒರೆಸಿಕೊಂಡರೆ ಮಾವ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು. "ಈಗ ನಮ್ಮ ಫ್ಯಾನು ಏನು ತಿರುಗ್ತಿರಬೇಕು, ಅಲ್ವೇನಮ್ಮ!"

ಇಪ್ಪತ್ತೆರಡನೇ ದಿನ ಅಕ್ಕ ಹೊದಿಕೆಯ ಒಂದು ಮೂಲೆ ಎತ್ತಿ ಕ್ಯಾಬಿನ್ನಿಗೆ ತಲೆ ಹಾಕಿದಳು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಗೋಡೆಯ ಮೇಲೆ ಚುಕ್ಕಿಗಳು ಮೊದಲಿಗಿಂತ ದಟ್ಟವಾಗಿದ್ದವು. ಅವಳ ಮುಖ ನೋಡಿದ್ದೇ ಮಾವನಿಗೆ ಅರ್ಥವಾಯಿತು.

"ಹೋಗ್ಲಿ ಬಿಡಮ್ಮ. ಯಾರಿಗಾದ್ರೂ ಕೊಟ್ಬಿಡೋಣ" ಎಂದು ಹೇಳಿ ಬೇರೆ ಕಡೆ ತಿರುಗಿದರು.

ಅಕ್ಕನ ಸಿಟ್ಟು ನೆತ್ತಿಗೇರಿತು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಳು. "ಎಂಥ ಫ್ಯಾನು ಕೊಟ್ಯಪ್ಪ ನೀನು! ಒಂದು ದಿನ ತಿರುಗಿ ಮಲಗಿಬಿಟ್ಟಿದೆ!"

ಅವನು ದೋಣಿಯನ್ನು ಮುಂದಿನಿಂದ ಹಿಂದಕ್ಕೆ ಒಮ್ಮೆ ನೋಡಿದ. ತಲೆ ಕೆರೆದುಕೊಂಡ. "ಅಕ್ಕಾ, ಹೊದಿಕೆ ಪೂರ್ತಿ ತೆಗೀರಿ ನೋಡೋಣ."

ತೆಗೆದಳು. ಫಲಕಕ್ಕೆ ಬಿಸಿಲು ಬಿತ್ತು. ಫ್ಯಾನು ಗರಗರ ತಿರುಗಿತು.

ಎಲೆಕ್ಟ್ರಿಷಿಯನ್ ನೀರಿನ ಕಡೆ ನೋಡುತ್ತ ನಗು ನುಂಗಿಕೊಂಡ. ಅಕ್ಕ ನಾಲಿಗೆ ಕಚ್ಚಿಕೊಂಡಳು. ಮಾವನಿಗೆ ಮಾತ್ರ ತಡೆಯಲಾಗಲಿಲ್ಲ. "ಒಂದು ಎಳೆ ಬಿಸಿಲು ಹೋಗಲ್ಲ ಅಂದಿದ್ದೆ... ಮಾತು ಉಳಿಸ್ಕೊಂಡೆ..." ಎಂದು ನಕ್ಕು ನಕ್ಕು, ಕೆಮ್ಮಿ ಕೆಮ್ಮಿ, ಕೊನೆಗೆ ಕಟ್ಟೆಯ ಮೇಲೆ ಕುಸಿದು ಕೂತರು.

ಹೊದಿಕೆ ಹಾಕದೆ ಬಿಟ್ಟರೆ ಹಳೆಯ ಕಿಟಕಿಗಳ ಸಂದಿನಿಂದ ಮಳೆನೀರು ಇಳಿಯುತ್ತದೆ. ಹಾಕಿದರೆ ಬಿಸಿಲಿಲ್ಲ. ಉಳಿದದ್ದು ಒಂದೇ ದಾರಿ. ಅಕ್ಕ ಬಟ್ಟೆಯನ್ನು ಮತ್ತೆ ದೋಣಿಯ ಮೇಲೆ ಹರವಿ, ಫಲಕ ಮತ್ತು ಫ್ಯಾನಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಎತ್ತಿದಳು. ಕೈ ಮುಂದೆ ಹೋಗಲೊಲ್ಲದು. ಅಷ್ಟು ವರ್ಷದಲ್ಲಿ ಮುಗಿದ ಹೊದಿಕೆಗೆ ಅವಳು ಕತ್ತರಿ ತಾಗಿಸಿದವಳಲ್ಲ. ಕಟ್ಟೆಯ ಮೇಲಿಂದ ಮತ್ತೆ ಕೆಮ್ಮು ಕೇಳಿತು. ಅವಳು ಹಲ್ಲು ಕಚ್ಚಿ ಕರಕರನೆ ಕತ್ತರಿಸಿಯೇಬಿಟ್ಟಳು.

"ಇನ್ನೊಂದು ತೂತು ಬೇಕಲ್ಲ ಅಕ್ಕ" ಎಂದು ಎಲೆಕ್ಟ್ರಿಷಿಯನ್ ಮೆಲ್ಲಗೆ ಹೇಳಿದ. "ಗಾಳಿ ಹೊರಗೆ ಹೋಗೋಕೆ ಆಯ್ತು. ಒಳಗೆ ಬರೋಕೆ? ಮುಂದಿನ ಕಿಂಡೀನೂ ಮುಚ್ಚಿಬಿಟ್ಟಿದ್ದೀರಿ."

"ಕೊಡಲಿ ಕೊಡ್ತೀನಿ ತಗೋ, ಇಡೀ ಬಟ್ಟೆ ನೀನೇ ಕಡಿದುಹಾಕು!" ಎಂದು ಬೈದಳು. ಬೈಯುತ್ತಲೇ ಎರಡನೆಯದನ್ನೂ ಕತ್ತರಿಸಿದಳು. ಅಂಚುಗಳಿಗೆ ಎರಡೆರಡು ಹೊಲಿಗೆ ಹಾಕಿ, ಮಳೆ ಬೀಳದಂತೆ ಕಿಂಡಿಯ ಮೇಲೆ ಪುಟ್ಟ ಬಟ್ಟೆಯ ಸೂರು ಕೂರಿಸಿದಳು. ಕ್ಯಾಬಿನ್ನನ್ನು ಮತ್ತೆ ಎರಡು ದಿನ ಉಜ್ಜಿದಳು.

ಈ ಸಲ ಮೂರು ವಾರ ಕಳೆದಾಗ ಕ್ಯಾಬಿನ್ನಿನಲ್ಲಿ ಒಣ ಮರದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರು ಇನ್ನು ಹೋಗಬಹುದೆಂದು ತಲೆಯಾಡಿಸಿದರು. ಮಾವ ರೇಡಿಯೊ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದವರು ಬಾಗಿಲು ಎಳೆದುಕೊಂಡರು.

ಅಕ್ಕ ಕಟ್ಟೆಯ ಮೇಲೆ ಸೂಜಿ ದಾರ ಹಿಡಿದು ಕೂತಳು. ಹೊಲಿಗೆ ಬರೀ ನೆಪ, ಕಿವಿಯೆಲ್ಲ ಒಳಗೇ ಇತ್ತು. ಮೊದಲು ರೇಡಿಯೊ ಕೇಳಿತು. ಆಮೇಲೆ ಗೊರಕೆ. ಅವಳು ಹೆದರಿಕೊಂಡು ಕಾಯುತ್ತಿದ್ದ ಸದ್ದು ಮಾತ್ರ ಬರಲಿಲ್ಲ.

ಸುಮಾರು ಹೊತ್ತಿನ ಮೇಲೆ ದೊಡ್ಡ ಮೋಡವೊಂದು ಸೂರ್ಯನಿಗೆ ಅಡ್ಡ ಬಂತು. ಫ್ಯಾನು ನಿಂತಿತು. ಗೊರಕೆಯೂ ನಿಂತಿತು.

"ಅಮ್ಮಾ," ಎಂದು ಒಳಗಿನಿಂದ ಮಾವ ಕೂಗಿದರು, "ಸೂರ್ಯನಿಗೂ ಹೊದಿಕೆ ಹೊಲಿದುಕೊಟ್ಟಿದ್ದೀಯಲ್ಲ, ಅದಕ್ಕೂ ಒಂದು ತೂತು ಮಾಡಬಾರದಾ, ಮನುಷ್ಯ ನೆಮ್ಮದಿಯಾಗಿ ಮಲಗೋದು ಬೇಡ್ವಾ?"

ಅಕ್ಕ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟುದ್ದದ ಮಾತನ್ನು ಮಾವ ಒಂದು ಸಲವೂ ಕೆಮ್ಮದೆ ಮುಗಿಸಿದ್ದರು.